ಲಿನಕ್ಸ್ ಡೆಸ್ಕ್‌ಟಾಪಿನ ರೂಪ ಮತ್ತು ಥೀಮುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಹಾಕಿಕೊಂಡ ಮೊದಲ ವಾರದಲ್ಲೇ ಹಲವರಿಗೆ ಏಳುವ ಪ್ರಶ್ನೆಗಳು ಇವು. ಕೆಲವನ್ನು ಗೆಳೆಯರು ಎದುರು ಕೂತು ಕೇಳಿದ್ದಾರೆ, ಕೆಲವು ಪತ್ರಗಳಲ್ಲಿ ಬಂದಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಫೋಲ್ಡರು ಮತ್ತು ಆದೇಶಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.

## ಮೊದಲ ಹೆಜ್ಜೆ

ಥೀಮ್ ಬದಲಿಸುವುದು ಎಂದರೆ ವಾಲ್‌ಪೇಪರ್ ಬದಲಿಸುವುದೇ ತಾನೇ?

ಅಲ್ಲ. ವಾಲ್‌ಪೇಪರ್ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಇದ್ದಂತೆ; ಅದನ್ನು ಬದಲಿಸಿದ ಮಾತ್ರಕ್ಕೆ ಮನೆಯ ಬಾಗಿಲು ಕಿಟಕಿಗಳ ಬಣ್ಣ ಬದಲಾಗುವುದಿಲ್ಲ. ಥೀಮ್ ಎಂಬ ಒಂದೇ ಪದದ ಅಡಿಯಲ್ಲಿ ಐದಾರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ತಂತ್ರಾಂಶಗಳ ಒಳಗಿನ ಗುಂಡಿ, ಮೆನು, ಸ್ಕ್ರಾಲ್‌ಪಟ್ಟಿಗಳನ್ನು ಚಿತ್ರಿಸುವುದು ಒಂದು ಥೀಮ್. ಕಿಟಕಿಯ ಅಂಚು ಮತ್ತು ಶೀರ್ಷಿಕೆ ಪಟ್ಟಿಯನ್ನು ಚಿತ್ರಿಸುವುದು ಇನ್ನೊಂದು. ಪ್ಯಾನೆಲ್ (ಪರದೆಯ ಅಂಚಿನ ಪಟ್ಟಿ), ಮುಖ್ಯ ಮೆನು, ಸೂಚನೆಗಳ ಪೆಟ್ಟಿಗೆ ಇವುಗಳ ರೂಪ ಮೂರನೆಯದು. ಐಕಾನುಗಳು ಮತ್ತು ಮೌಸಿನ ಬಾಣ ಪ್ರತ್ಯೇಕ ಕಟ್ಟುಗಳಾಗಿ ಬರುತ್ತವೆ. ಅಕ್ಷರಶೈಲಿ, ಅಂದರೆ ಫಾಂಟ್, ಇವೆಲ್ಲದರ ಹೊರಗೇ ಇರುತ್ತದೆ.

ಈ ವಿಂಗಡಣೆಯನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಗೊಂದಲಗಳು ಅರ್ಧಕ್ಕರ್ಧ ಕರಗುತ್ತವೆ. ‘ಥೀಮ್ ಹಾಕಿದೆ, ಆದರೆ ಪ್ಯಾನೆಲ್ ಹಾಗೆಯೇ ಇದೆ’ ಎಂದು ದೂರುವವರು ಸಾಮಾನ್ಯವಾಗಿ ಮೊದಲನೆಯದನ್ನು ಬದಲಿಸಿ ಮೂರನೆಯದನ್ನು ಮುಟ್ಟದೆ ಬಿಟ್ಟಿರುತ್ತಾರೆ.

ನನ್ನ ಹತ್ತಿರ ಇರುವುದು ಉಬುಂಟು. ನೀವು ಗ್ನೋಮ್, ಕೆಡಿಇ ಎಂದು ಏನೇನೋ ಹೇಳುತ್ತೀರಿ. ನನ್ನದು ಯಾವುದು?

ಉಬುಂಟು, ಮಿಂಟ್, ಫೆಡೋರಾ ಇವು ಡಿಸ್ಟ್ರೋಗಳು, ಅಂದರೆ ಲಿನಕ್ಸನ್ನು ಬೇಕಾದ ತಂತ್ರಾಂಶಗಳೊಡನೆ ಕಟ್ಟಿ ಹಂಚುವ ಬೇರೆ ಬೇರೆ ರೂಪಗಳು. ನಿಮ್ಮ ಕಣ್ಣೆದುರಿಗಿರುವ ಪ್ಯಾನೆಲ್, ಮೆನು, ಕಿಟಕಿಗಳನ್ನು ನಡೆಸುವುದು ಅವುಗಳೊಳಗಿನ ಡೆಸ್ಕ್‌ಟಾಪ್ ಪರಿಸರ. ಥೀಮ್ ಹೊಂದಬೇಕಾದದ್ದು ಈ ಪರಿಸರಕ್ಕೆ, ಡಿಸ್ಟ್ರೋಗೆ ಅಲ್ಲ. ಇವುಗಳಲ್ಲಿ ಹಳೆಯವು ಮೂರು: ಕೆಡಿಇ ಮತ್ತು ಎಕ್ಸ್‌ಎಫ್‌ಸಿಇ 1996ರಲ್ಲಿ, ಗ್ನೋಮ್ 1997ರಲ್ಲಿ ಆರಂಭವಾದವು. 2011ರಲ್ಲಿ ಬಂದ ಗ್ನೋಮ್ 3ರ ಹೊಸ ರೂಪವನ್ನು ಒಪ್ಪದವರಿಂದ ಎರಡು ಕವಲುಗಳು ಒಡೆದವು. ಹಳೆಯ ಗ್ನೋಮ್ 2ನ್ನು ಮುಂದುವರಿಸಿದ್ದು ಮಾಟೆ. ಹೊಸದರ ಮೇಲೆಯೇ ಹಳೆಯ ಬಗೆಯ ಪ್ಯಾನೆಲ್ ಮತ್ತು ಮೆನುವನ್ನು ಕಟ್ಟಿದ್ದು ಲಿನಕ್ಸ್ ಮಿಂಟ್ ತಂಡದ ಸಿನಮನ್.

ಉಬುಂಟುವಿನ ಮುಖ್ಯ ಆವೃತ್ತಿಯಲ್ಲಿ ಇರುವುದು ಗ್ನೋಮ್. ಕುಬುಂಟುವಿನಲ್ಲಿ ಕೆಡಿಇ, ಕ್ಸುಬುಂಟುವಿನಲ್ಲಿ ಎಕ್ಸ್‌ಎಫ್‌ಸಿಇ. ಅನುಮಾನವಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯೂಟರಿನ ವಿವರ ತೋರಿಸುವ ಪುಟವನ್ನು ತೆರೆಯಿರಿ, ಪರಿಸರದ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಹೊರಗಿನಿಂದ ಏನನ್ನೂ ಇಳಿಸಿಕೊಳ್ಳದೆ ಎಷ್ಟು ಬದಲಿಸಬಹುದು?

ಸಾಕಷ್ಟು ಬದಲಿಸಬಹುದು, ಹೊಸಬರು ಒಂದು ತಿಂಗಳಾದರೂ ಇದರಲ್ಲೇ ಕೈ ಪಳಗಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಮಿಂಟ್‌ನ ಸಿನಮನ್ ಈ ವಿಷಯದಲ್ಲಿ ಅತ್ಯಂತ ಸುಲಭ. ಸಿಸ್ಟಮ್ ಸೆಟ್ಟಿಂಗ್ಸ್‌ನ ಥೀಮ್ಸ್ ಪುಟದಲ್ಲಿ, 2023ರ ಮಿಂಟ್ 21.2ರಿಂದ ಈಚೆಗೆ, ಶೈಲಿ, ತಿಳಿ ಅಥವಾ ಗಾಢ, ಬಣ್ಣ ಎಂಬ ಮೂರು ಆಯ್ಕೆಗಳು ಮೊದಲಿಗೆ ಕಾಣುತ್ತವೆ. ತಂತ್ರಾಂಶ, ಐಕಾನ್, ಡೆಸ್ಕ್‌ಟಾಪ್, ಮೌಸಿನ ಬಾಣ ಇವುಗಳನ್ನು ಒಂದೊಂದಾಗಿ ಆರಿಸಬೇಕೆಂದರೆ ಅದೇ ಪುಟದ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒತ್ತಬೇಕು. ಹೊಸ ಥೀಮುಗಳನ್ನು ಇಳಿಸಿಕೊಳ್ಳುವ ಟ್ಯಾಬ್ ಕೂಡ ಅಲ್ಲೇ ಇದೆ.

ಎಕ್ಸ್‌ಎಫ್‌ಸಿಇಯಲ್ಲಿ ಕೆಲಸ ಮೂರು ಕಡೆ ಹಂಚಿಹೋಗಿದೆ: ತಂತ್ರಾಂಶಗಳ ರೂಪ ಮತ್ತು ಐಕಾನುಗಳಿಗೆ ಅಪಿಯರೆನ್ಸ್, ಕಿಟಕಿಯ ಅಂಚಿಗೆ ವಿಂಡೋ ಮ್ಯಾನೇಜರ್, ಬಾಣಕ್ಕೆ ಮೌಸಿನ ಸೆಟ್ಟಿಂಗ್ಸ್. ಕೆಡಿಇಯಲ್ಲಿ ಗ್ಲೋಬಲ್ ಥೀಮ್ ಎಂಬುದು ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತದೆ. ಬೇಕೆನಿಸಿದರೆ ಬಣ್ಣ, ಕಿಟಕಿಯ ಅಂಚು, ಐಕಾನ್‌ಗಳನ್ನು ಬಿಡಿಬಿಡಿಯಾಗಿಯೂ ಬದಲಿಸಿಕೊಳ್ಳಬಹುದು. ಇಷ್ಟು ಸ್ವಾತಂತ್ರ್ಯವನ್ನು ಬೇರೆ ಯಾವ ಪರಿಸರವೂ ಕೊಡುವುದಿಲ್ಲ. ಗ್ನೋಮ್ ಮಾತ್ರ ಕೈ ಬಿಗಿ: ತಿಳಿ ಅಥವಾ ಗಾಢ ಶೈಲಿ, ಮತ್ತು 2024ರ ಗ್ನೋಮ್ 47ರಿಂದ ಒಂದು ಒತ್ತುಬಣ್ಣ. ಅದಕ್ಕಿಂತ ಹೆಚ್ಚಿಗೆ ಬೇಕಾದರೆ ಟ್ವೀಕ್ಸ್ ಎಂಬ ತಂತ್ರಾಂಶವನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು, ಪ್ಯಾನೆಲ್ಲಿನ ರೂಪ ಬದಲಿಸಲು ಯೂಸರ್ ಥೀಮ್ಸ್ ಎಂಬ ವಿಸ್ತರಣೆಯೂ ಬೇಕು.

ಥೀಮ್ ಹಾಕಿದರೆ ಹಳೆಯ ಲ್ಯಾಪ್‌ಟಾಪ್ ನಿಧಾನವಾಗುವುದಿಲ್ಲವೇ?

ಥೀಮಿನಿಂದ ಅಂಥ ಭಾರ ಬೀಳುವುದಿಲ್ಲ. ನಿಧಾನ ಮಾಡುವುದು ಕಿಟಕಿಗಳ ಅನಿಮೇಷನ್, ಮಸುಕು ಪಾರದರ್ಶಕತೆ, ಮತ್ತು ಕ್ಷಣಕ್ಷಣಕ್ಕೂ ಹವಾಮಾನ ತೋರಿಸುವ ವಿಜೆಟ್ಟುಗಳು. ಅವನ್ನು ನಿಲ್ಲಿಸಿ, ಥೀಮನ್ನು ನಿಶ್ಚಿಂತೆಯಿಂದ ಬದಲಿಸಿ.

ಜಿಪ್ ಕಡತವಾಗಿ ಇಳಿಸಿಕೊಂಡ ಥೀಮನ್ನು ಎಲ್ಲಿ ಹಾಕಬೇಕು? ಹಾಕಿದರೂ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ‘.ಥೀಮ್ಸ್’ ಎಂಬ ಫೋಲ್ಡರಿನಲ್ಲಿ ಥೀಮುಗಳನ್ನೂ ‘.ಐಕಾನ್ಸ್’ ಎಂಬುದರಲ್ಲಿ ಐಕಾನ್ ಮತ್ತು ಬಾಣಗಳನ್ನೂ ಇಡಬೇಕು. ಚುಕ್ಕೆಯಿಂದ ಆರಂಭವಾದ ಹೆಸರುಗಳು ಸಾಮಾನ್ಯವಾಗಿ ಅಡಗಿರುತ್ತವೆ. ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಕಾಣಿಸಿಕೊಳ್ಳುತ್ತವೆ. ಇಲ್ಲದಿದ್ದರೆ ನೀವೇ ಸೃಷ್ಟಿಸಿ. ಕೆಡಿಇ ತನ್ನ ಕಡತಗಳನ್ನು ಬೇರೆಡೆ ಇಡುತ್ತದೆಯಾದ್ದರಿಂದ ಅಲ್ಲಿ ಸೆಟ್ಟಿಂಗ್ಸ್ ಪುಟದ ಗುಂಡಿಯಿಂದಲೇ ಹಾಕಿಕೊಳ್ಳುವುದು ಲೇಸು.

ಪಟ್ಟಿಯಲ್ಲಿ ಕಾಣದಿರುವುದಕ್ಕೆ ನಾನು ಅತಿ ಹೆಚ್ಚು ಬಾರಿ ಕಂಡ ಕಾರಣ ಒಂದೇ: ಪೆಟ್ಟಿಗೆಯೊಳಗೆ ಪೆಟ್ಟಿಗೆ. ಜಿಪ್ ಬಿಚ್ಚಿದಾಗ ಮೊದಲು ಜಿಪ್ಪಿನ ಹೆಸರಿನದೇ ಒಂದು ಫೋಲ್ಡರ್, ಅದರೊಳಗೆ ತಿಳಿ, ಗಾಢ, ಕಿರಿದು ಎಂದು ಮೂರು ನಾಲ್ಕು ಫೋಲ್ಡರುಗಳು ಬರುತ್ತವೆ. ನಿಜವಾದ ಥೀಮ್ ಈ ಒಳಗಿನದು. ತೆರೆದೊಡನೆ ‘ಜಿಟಿಕೆ-3.0’ ಎಂಬ ಫೋಲ್ಡರೋ ‘ಇಂಡೆಕ್ಸ್.ಥೀಮ್’ ಎಂಬ ಕಡತವೋ ಕಂಡರೆ ಅದೇ ಸರಿಯಾದ ಹಂತ. ಆ ಫೋಲ್ಡರನ್ನು ನೇರವಾಗಿ ‘.ಥೀಮ್ಸ್’ ಒಳಕ್ಕೆ ಹಾಕಬೇಕು. ಇನ್ನೊಂದು ಕಾರಣ, ಥೀಮ್ ಎಂದು ಇಳಿಸಿಕೊಂಡದ್ದು ವಾಸ್ತವವಾಗಿ ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಆಗಿರುವುದು. ಅದನ್ನು ಮೊದಲು ಕಟ್ಟಬೇಕಾಗುತ್ತದೆ. ಡಿಸ್ಟ್ರೋದ ತಂತ್ರಾಂಶ ಭಂಡಾರದಲ್ಲೇ ಅದು ಸಿಗುತ್ತದೆಯೇ ಎಂದು ಮೊದಲು ಹುಡುಕುವುದು ಜಾಣತನ. ಪ್ಯಾಪಿರಸ್ ಐಕಾನುಗಳು, ಆರ್ಕ್ ಥೀಮ್‌ನಂಥ ಜನಪ್ರಿಯವಾದವು ಉಬುಂಟು ಮತ್ತು ಡೆಬಿಯನ್ ಭಂಡಾರಗಳಲ್ಲಿವೆ.

## ಸ್ವಲ್ಪ ಪಳಗಿದ ಮೇಲೆ

ಐಕಾನ್ ಥೀಮ್ ಬದಲಿಸಿದೆ. ಕೆಲವು ಮಾತ್ರ ಬದಲಾಗಿ, ಉಳಿದವು ಹಳೆಯ ವೇಷದಲ್ಲೇ ಇವೆ. ಏಕೆ?

ಐಕಾನುಗಳಿಗೆ ಎಲ್ಲ ಪರಿಸರಗಳೂ ಒಪ್ಪಿದ ಒಂದು ಸಾಮಾನ್ಯ ನಿಯಮಾವಳಿ ಇದೆ. ತಂತ್ರಾಂಶವು ಚಿತ್ರವನ್ನು ಕೇಳುವುದಿಲ್ಲ, ಹೆಸರನ್ನು ಕೇಳುತ್ತದೆ: ‘ಫೋಲ್ಡರ್ ಎಂಬ ಹೆಸರಿನ ಐಕಾನ್ ಕೊಡು’. ಆ ಹೆಸರಿನ ಚಿತ್ರ ನಿಮ್ಮ ಥೀಮಿನಲ್ಲಿ ಇಲ್ಲದಿದ್ದರೆ ಹುಡುಕಾಟ ಅದರ ಹಿರಿಯ ಥೀಮಿಗೆ, ಅಲ್ಲೂ ಇಲ್ಲದಿದ್ದರೆ ಕಟ್ಟಕಡೆಗೆ ಹೈಕಲರ್ ಎಂಬ ಮೂಲ ಥೀಮಿಗೆ ಹೋಗುತ್ತದೆ. ಯಾರು ಹಿರಿಯರು ಎಂಬುದು ಥೀಮಿನ ‘ಇಂಡೆಕ್ಸ್.ಥೀಮ್’ ಕಡತದಲ್ಲಿ ‘ಇನ್‌ಹೆರಿಟ್ಸ್’ ಎಂಬ ಸಾಲಿನಲ್ಲಿ ಬರೆದಿರುತ್ತದೆ. ತಂತ್ರಾಂಶಗಳು ತಮ್ಮ ಸ್ವಂತ ಐಕಾನನ್ನು ಹೈಕಲರಿನಲ್ಲಿ ಇಟ್ಟುಹೋಗುವ ಕಾರಣ, ಥೀಮ್ ರಚಿಸಿದವರು ಕೇಳಿಯೇ ಇರದ ತಂತ್ರಾಂಶಗಳೆಲ್ಲ ಹಳೆಯ ವೇಷದಲ್ಲೇ ಉಳಿಯುತ್ತವೆ.

ಕೆಲವು ತಂತ್ರಾಂಶಗಳು ಹೆಸರಿನ ಬದಲು ಚಿತ್ರದ ಪೂರ್ತಿ ವಿಳಾಸವನ್ನೇ ತಮ್ಮ ಡೆಸ್ಕ್‌ಟಾಪ್ ಕಡತದಲ್ಲಿ (ಮೆನುವಿಗೆ ತಂತ್ರಾಂಶದ ಹೆಸರು, ಐಕಾನ್ ತಿಳಿಸುವ ಕಡತ) ಬರೆದಿರುತ್ತವೆ. ಅಂಥವನ್ನು ಯಾವ ಥೀಮೂ ಬದಲಿಸಲಾರದು. ಆ ಕಡತವನ್ನು ಹೋಮ್ ಫೋಲ್ಡರಿನ ‘.ಲೋಕಲ್’, ಅದರೊಳಗಿನ ‘ಶೇರ್’, ಅದರೊಳಗಿನ ‘ಅಪ್ಲಿಕೇಷನ್ಸ್’ಗೆ ನಕಲಿಸಿ, ‘ಐಕಾನ್’ ಎಂದು ಆರಂಭವಾಗುವ ಸಾಲಿನಲ್ಲಿ ವಿಳಾಸ ತೆಗೆದು ಹೆಸರನ್ನಷ್ಟೇ ಉಳಿಸಿದರೆ ಕೆಲಸ ಆಗುತ್ತದೆ.

ಗಾಢ ಥೀಮ್ ಹಾಕಿದ ಮೇಲೆ ಲಿಬ್ರೆಆಫೀಸಿನ ಗುಂಡಿಗಳು ಕತ್ತಲಲ್ಲಿ ಮಾಯವಾಗಿವೆ. ಏನು ಮಾಡಲಿ?

ಲಿಬ್ರೆಆಫೀಸ್ ಹಿನ್ನೆಲೆಯ ಬಣ್ಣವನ್ನು ನಿಮ್ಮ ಥೀಮಿನಿಂದ ತೆಗೆದುಕೊಳ್ಳುತ್ತದೆ, ಆದರೆ ಐಕಾನುಗಳನ್ನು ತನ್ನದೇ ಸಂಗ್ರಹದಿಂದ ಬಳಸುತ್ತದೆ. ತಿಳಿ ಹಿನ್ನೆಲೆಗೆಂದು ಬರೆದ ಕಪ್ಪು ಗೆರೆಗಳ ಐಕಾನ್ ಕಪ್ಪು ಹಿನ್ನೆಲೆಯ ಮೇಲೆ ಕಾಣುವುದು ಹೇಗೆ? ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ ಐಕಾನ್ ಶೈಲಿಯನ್ನು ಗಾಢಕ್ಕೆ ಹೊಂದುವ ಒಂದಕ್ಕೆ, ಉದಾಹರಣೆಗೆ ಬ್ರೀಜ್ ಡಾರ್ಕ್‌ಗೆ, ಬದಲಿಸಿ.

ಕನ್ನಡದ ಒತ್ತಕ್ಷರಗಳ ಕಾಲು ಶೀರ್ಷಿಕೆ ಪಟ್ಟಿಯಲ್ಲಿ ಕತ್ತರಿಸಿಹೋಗುತ್ತಿದೆ. ಇದು ಫಾಂಟಿನ ತಪ್ಪೋ ಥೀಮಿನ ತಪ್ಪೋ?

ಬಹುಪಾಲು ಥೀಮಿನದು. ಈ ಪ್ರಶ್ನೆಗೆ ನಾನು ಒಂದಿಡೀ ಭಾನುವಾರ ತೆತ್ತಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಎಫ್‌ಸಿಇ ಇತ್ತು. ನಾಜೂಕಾದ, ತೆಳು ಶೀರ್ಷಿಕೆ ಪಟ್ಟಿಯ ಥೀಮೊಂದನ್ನು ಹಾಕಿಕೊಂಡಿದ್ದೆ. ‘ರಾಷ್ಟ್ರಕೂಟರು’ ಎಂಬ ಹೆಸರಿನ ಕಡತವನ್ನು ತೆರೆದರೆ ಮೇಲೆ ‘ರಾಷಕೂಟರು’ ಎಂದು ಕಾಣುತ್ತಿತ್ತು. ಷಕಾರದ ಕೆಳಗಿನ ಟವತ್ತು, ಅದಕ್ಕೆ ಅಂಟಿದ ರವತ್ತು ಎರಡೂ ಪಟ್ಟಿಯ ಅಂಚಿನಲ್ಲಿ ಕೊಯ್ದುಹೋಗಿದ್ದವು. ಎಕ್ಸ್‌ಎಫ್‌ಸಿಇಯ ಕಿಟಕಿ ಥೀಮುಗಳು ಸಣ್ಣ ಸಣ್ಣ ಚಿತ್ರಗಳಿಂದ ಆಗಿರುತ್ತವೆ. ಶೀರ್ಷಿಕೆ ಪಟ್ಟಿ ಎಷ್ಟು ಎತ್ತರವಿರಬೇಕು ಎಂಬುದನ್ನು ಆ ಚಿತ್ರದ ಎತ್ತರವೇ ನಿರ್ಧರಿಸುತ್ತದೆ, ಅಕ್ಷರ ಎಷ್ಟು ಇಳಿಯುತ್ತದೆ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಇಂಗ್ಲಿಷಿನ ‘ಜಿ’, ‘ವೈ’ಗಳ ಬಾಲಕ್ಕೆ ಸಾಕಾಗುವಷ್ಟು ಜಾಗ ಬಿಟ್ಟವರಿಗೆ ಕನ್ನಡದ ಒತ್ತಿನ ಮೇಲೊಂದು ಒತ್ತು ಹೊಳೆದಿರುವುದಿಲ್ಲ.

ಪರಿಹಾರ ಮೂರು. ಮೊದಲನೆಯದು, ಶೀರ್ಷಿಕೆಯ ಫಾಂಟನ್ನು ಒಂದೆರಡು ಪಾಯಿಂಟ್ ಕಿರಿದು ಮಾಡುವುದು. ಎರಡನೆಯದು, ಎತ್ತರದ ಪಟ್ಟಿಯಿರುವ ಕಿಟಕಿ ಥೀಮನ್ನು ಆರಿಸುವುದು. ಎಕ್ಸ್‌ಎಫ್‌ಸಿಇಯ ಜೊತೆಗೇ ಬರುವ ‘ಡೀಫಾಲ್ಟ್-ಎಚ್‌ಡಿಪಿಐ’ ಹೆಚ್ಚು ಸಾಂದ್ರತೆಯ ಪರದೆಗಳಿಗೆಂದು ರೂಪಿಸಿದ್ದಾದರೂ ಈ ಕೆಲಸಕ್ಕೂ ಒದಗುತ್ತದೆ. ಮೂರನೆಯದು ಫಾಂಟಿನ ಕಡೆಯಿಂದ. ಗ್ನೋಮ್ ಬಹುಕಾಲ ಬಳಸಿದ ಕ್ಯಾಂಟರೆಲ್ ಆಗಲಿ ಉಬುಂಟುವಿನ ಹೆಸರಿನದೇ ಫಾಂಟ್ ಆಗಲಿ ಕನ್ನಡ ಅಕ್ಷರಗಳನ್ನು ಹೊಂದಿಲ್ಲ. ಹೀಗಾಗಿ ಕನ್ನಡ ಬಂದಾಗ ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆ ತನಗೆ ಸಿಕ್ಕ ಬೇರೊಂದು ಫಾಂಟನ್ನು ತಂದು ಕೂರಿಸುತ್ತದೆ. ಅದು ಯಾವುದೆಂದು ತಿಳಿಯಲು, ಆದೇಶಗಳನ್ನು ಟೈಪಿಸುವ ಟರ್ಮಿನಲ್ಲಿನಲ್ಲಿ ‘ಎಫ್‌ಸಿ-ಮ್ಯಾಚ್’ ಎಂಬ ಆದೇಶಕ್ಕೆ ಕನ್ನಡ ಭಾಷೆಯ ಸಂಕೇತವಾದ ‘ಕೆಎನ್’ ಕೊಟ್ಟು ಕೇಳಬಹುದು. ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಎಂಬ ಫಾಂಟುಗಳು ಡೆಬಿಯನ್ ಮತ್ತು ಉಬುಂಟು ಭಂಡಾರಗಳಲ್ಲಿ ಸಿಗುತ್ತವೆ. ಇವುಗಳಲ್ಲಿ ನವಿಲು ಕೈಬರಹದ ಬಗೆಯದು, ಮೆನುಗಳಿಗೆ ಹೊಂದುವುದಿಲ್ಲ. ಉಳಿದವನ್ನು ಒಂದೊಂದಾಗಿ ಹಾಕಿ ನೋಡಿ, ನಿಮ್ಮ ಪರದೆಗೆ ಹಿಡಿಸಿದ್ದನ್ನು ಫಾಂಟ್‌ಕಾನ್ಫಿಗ್‌ನ ಕಡತದಲ್ಲಿ ಕನ್ನಡಕ್ಕೆ ಮೊದಲ ಆಯ್ಕೆಯೆಂದು ಬರೆದಿಡಿ.

ಯಾವ ಥೀಮನ್ನಾದರೂ ಇಟ್ಟುಕೊಳ್ಳುವ ಮೊದಲು ‘ವೈಶಿಷ್ಟ್ಯ’, ‘ರಾಷ್ಟ್ರ’, ‘ಜ್ಯೋತ್ಸ್ನಾ’ ಎಂಬ ಹೆಸರಿನ ಮೂರು ಖಾಲಿ ಕಡತಗಳನ್ನು ಮಾಡಿ ಪರೀಕ್ಷಿಸುವುದು ಆ ಭಾನುವಾರದಿಂದ ನನಗೆ ರೂಢಿಯಾಗಿದೆ.

ಕಿಟಕಿಯ ಅಂಚು ಎಷ್ಟು ತೆಳುವೆಂದರೆ ಮೌಸಿಗೆ ಸಿಕ್ಕುವುದೇ ಇಲ್ಲ. ಹಿಗ್ಗಿಸುವುದು ಹೇಗೆ?

ಎಕ್ಸ್‌ಎಫ್‌ಸಿಇಯಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಕಿಟಕಿಯ ಯಾವ ಭಾಗದಲ್ಲಾದರೂ ಬಲಗುಂಡಿಯಿಂದ ಎಳೆದರೆ ಸಾಕು. ಎಡಗುಂಡಿಯಿಂದ ಎಳೆದರೆ ಕಿಟಕಿ ಸರಿಯುತ್ತದೆ. ಅಂಚಿನ ಹಂಗೇ ಬೇಡ.

ಹೆಚ್ಚಿನ ತಂತ್ರಾಂಶಗಳು ಹೊಸ ಥೀಮಿಗೆ ಹೊಂದಿಕೊಂಡವು, ಗ್ನೋಮಿನ ಕೆಲವು ಮಾತ್ರ ಜಗ್ಗುತ್ತಿಲ್ಲ. ನಾನು ಏನು ತಪ್ಪು ಮಾಡಿದೆ?

ನೀವು ಏನೂ ತಪ್ಪು ಮಾಡಿಲ್ಲ. ಇದು ಉದ್ದೇಶಪೂರ್ವಕ ತೀರ್ಮಾನ, ಲಿನಕ್ಸ್ ಥೀಮುಗಳ ಇತ್ತೀಚಿನ ಇತಿಹಾಸದ ದೊಡ್ಡ ಜಗಳವೂ ಹೌದು.

ಮೊದಲು ಗ್ನೋಮಿನ ತಂತ್ರಾಂಶಗಳೆಲ್ಲ ಜಿಟಿಕೆ ಎಂಬ ಸಲಕರಣೆ ಪೆಟ್ಟಿಗೆಯನ್ನು ನೇರವಾಗಿ ಬಳಸುತ್ತಿದ್ದವು. ಜಿಟಿಕೆ ನೀವು ಆರಿಸಿದ ಥೀಮನ್ನು ಓದಿ ಎಲ್ಲಕ್ಕೂ ಅದೇ ಉಡುಪು ತೊಡಿಸುತ್ತಿತ್ತು. ಡಿಸ್ಟ್ರೋಗಳು ತಮ್ಮದೇ ಥೀಮನ್ನು ಹಾಕಿ ಹಂಚತೊಡಗಿದಾಗ, ತಂತ್ರಾಂಶ ಬರೆದವರು ಕಂಡೇ ಇರದ ರೂಪದಲ್ಲಿ ಅವರ ಕೆಲಸ ಬಳಕೆದಾರರ ಮುಂದೆ ಬರುತ್ತಿತ್ತು: ಬಿಳಿಯ ಮೇಲೆ ಬಿಳಿ ಅಕ್ಷರ, ಕಾಣೆಯಾದ ಗುಂಡಿ, ಅರ್ಧ ಬಣ್ಣ ಬಿದ್ದ ಪಟ್ಟಿ. ದೂರು ಹೋಗುತ್ತಿದ್ದುದು ಥೀಮ್ ಮಾಡಿದವರಿಗಲ್ಲ, ತಂತ್ರಾಂಶ ಬರೆದವರಿಗೆ. 2019ರಲ್ಲಿ ಹಲವು ತಂತ್ರಾಂಶ ನಿರ್ಮಾಪಕರು ಸೇರಿ, ನಮ್ಮ ತಂತ್ರಾಂಶಗಳಿಗೆ ದಯವಿಟ್ಟು ನಿಮ್ಮ ಥೀಮ್ ಹಾಕಿ ಹಂಚಬೇಡಿ ಎಂದು ಡಿಸ್ಟ್ರೋಗಳಿಗೆ ಬಹಿರಂಗ ಪತ್ರ ಬರೆದರು. ಬಳಕೆದಾರ ತನ್ನ ಮನೆಯಲ್ಲಿ ಏನು ಮಾಡಿಕೊಂಡರೂ ತಮ್ಮ ತಕರಾರಿಲ್ಲ ಎಂದೂ ಅದರಲ್ಲಿತ್ತು. 2022ರ ಗ್ನೋಮ್ 42ರಿಂದ ಅದರ ತಂತ್ರಾಂಶಗಳು ಒಂದೊಂದಾಗಿ ಲಿಬ್‌ಅದ್ವೈತ ಎಂಬ ಗ್ರಂಥಾಲಯಕ್ಕೆ (ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಸಂಕೇತದ ಕಟ್ಟಿಗೆ) ಬದಲಾದವು. ಅದು ಜಿಟಿಕೆ ಥೀಮಿನ ಆಯ್ಕೆಯನ್ನು ಕೇಳಿಸಿಕೊಳ್ಳುವುದೇ ಇಲ್ಲ. ತಿಳಿಯೋ ಗಾಢವೋ ಎಂಬುದನ್ನು ಮಾತ್ರ ಕೇಳುತ್ತದೆ.

ಹೆಸರಿನ ಬಗ್ಗೆ ಒಂದು ಮಾತು: ಇದು ನಮ್ಮ ಶೃಂಗೇರಿಯ ಅದ್ವೈತವೇ. ಗ್ನೋಮ್ 3ರ ಮೂಲ ಥೀಮಿಗೆ ‘ಎರಡಿಲ್ಲ’ ಎಂಬ ಸಂಸ್ಕೃತ ಪದವನ್ನು ಇಟ್ಟರು. ಹತ್ತು ವರ್ಷಗಳ ನಂತರ ಅದು ಅಕ್ಷರಶಃ ನಿಜವಾಯಿತು.

ಜಗಳದಲ್ಲಿ ನಾನು ಎರಡೂ ಕಡೆಯವನು. ತಂತ್ರಾಂಶ ಬರೆದವರ ಸಂಕಟ ನ್ಯಾಯವಾದದ್ದೇ, ಆದರೆ ಒಂದೇ ಪರದೆಯ ಮೇಲೆ ಎರಡು ಬಗೆಯ ಕಿಟಕಿಗಳನ್ನು ಕಂಡಾಗ ಕಣ್ಣಿಗೆ ಇರುಸುಮುರುಸಾಗುವುದೂ ಸುಳ್ಳಲ್ಲ. ನನ್ನ ಸಲಹೆ ತಿರುವುಮುರುವಾದದ್ದು: ಹೊಸ ತಂತ್ರಾಂಶಗಳನ್ನು ಹಳೆಯ ಥೀಮಿಗೆ ಎಳೆಯುವ ಬದಲು ಹಳೆಯವನ್ನು ಹೊಸದರ ರೂಪಕ್ಕೆ ತನ್ನಿ. ‘ಎಡಿಡಬ್ಲ್ಯು-ಜಿಟಿಕೆ3’ ಎಂಬ ಥೀಮ್ ಇದಕ್ಕೆಂದೇ ಇದೆ.

ಫ್ಲ್ಯಾಟ್‌ಪ್ಯಾಕ್ ಮೂಲಕ ಹಾಕಿದ ತಂತ್ರಾಂಶಕ್ಕೆ ನನ್ನ ಥೀಮ್ ಏಕೆ ಕಾಣುವುದಿಲ್ಲ?

ಫ್ಲ್ಯಾಟ್‌ಪ್ಯಾಕ್ ಎಂಬುದು ಯಾವ ಡಿಸ್ಟ್ರೋದಲ್ಲಾದರೂ ತಂತ್ರಾಂಶ ಹಾಕಿಕೊಳ್ಳುವ ಒಂದು ವಿಧಾನ. ಅದರ ತಂತ್ರಾಂಶ ಬೇಲಿಯೊಳಗೆ ಇರುತ್ತದೆ. ಹೋಮ್ ಫೋಲ್ಡರಿನ ‘.ಥೀಮ್ಸ್’ ಅದಕ್ಕೆ ತಾನಾಗಿ ಕಾಣುವುದಿಲ್ಲ. ನಿಮ್ಮ ಥೀಮ್ ಅದರ ಮಳಿಗೆಯಾದ ಫ್ಲ್ಯಾಟ್‌ಹಬ್ಬಿನಲ್ಲಿ ಫ್ಲ್ಯಾಟ್‌ಪ್ಯಾಕ್ ರೂಪದಲ್ಲೇ ಸಿಕ್ಕರೆ ಅದನ್ನು ಹಾಕಿಕೊಳ್ಳುವುದು ಸರಿಯಾದ ದಾರಿ. ಸಿಗದಿದ್ದರೆ ಫ್ಲ್ಯಾಟ್‌ಸೀಲ್ ಎಂಬ ತಂತ್ರಾಂಶದಿಂದ ಆ ಒಂದು ಫೋಲ್ಡರನ್ನು ಓದುವ ಅನುಮತಿಯನ್ನಷ್ಟೇ ಕೊಡಿ. ಥೀಮಿನ ನೆಪದಲ್ಲಿ ಇಡೀ ಹೋಮ್ ಫೋಲ್ಡರನ್ನು ತೆರೆದುಬಿಟ್ಟರೆ ಬೇಲಿ ಹಾಕಿದ ಉದ್ದೇಶವೇ ಕೆಡುತ್ತದೆ. ಉಬುಂಟು ಬಳಸುವ ಇಂಥದೇ ಇನ್ನೊಂದು ವಿಧಾನವಾದ ಸ್ನ್ಯಾಪ್‌ನ ತಂತ್ರಾಂಶಗಳ ಸ್ಥಿತಿ ಇನ್ನೂ ಬಿಗಿ: ಅವುಗಳಿಗೆಂದು ಕಟ್ಟಿಟ್ಟ ಕೆಲವೇ ಥೀಮುಗಳು ಮಾತ್ರ ಅವುಗಳಿಗೆ ಕಾಣುತ್ತವೆ.

ಕೆಡಿಇ ತಂತ್ರಾಂಶಗಳನ್ನು ಗ್ನೋಮ್ ಅಥವಾ ಸಿನಮನ್‌ನಲ್ಲಿ ತೆರೆದರೆ ಪರದೇಶಿಗಳಂತೆ ಕಾಣುತ್ತವೆ. ಹೊಂದಿಸಲಾದೀತೇ?

ಕೆಡಿಇಯ ತಂತ್ರಾಂಶಗಳು ಜಿಟಿಕೆಯಲ್ಲಿ ಅಲ್ಲ, ಕ್ಯೂಟಿ ಎಂಬ ಬೇರೆಯ ಪೆಟ್ಟಿಗೆಯಲ್ಲಿ ಆದವು. ಜಿಟಿಕೆಯ ಥೀಮ್ ಅದಕ್ಕೆ ಅರ್ಥವೇ ಆಗದು. ಕೆಡಿಇ ಪರಿಸರದಲ್ಲಿದ್ದರೆ ಅದು ತಾನೇ ಮುಂದಾಗಿ ಜಿಟಿಕೆ ತಂತ್ರಾಂಶಗಳಿಗೂ ತನ್ನ ಬ್ರೀಜ್ ರೂಪವನ್ನು ಕೊಡುತ್ತದೆ. ಉಲ್ಟಾ ದಿಕ್ಕಿನಲ್ಲಿ ಕೆಲಸ ನಿಮ್ಮದು: ‘ಕ್ಯೂಟಿ5ಸಿಟಿ’ ಮತ್ತು ‘ಕ್ಯೂಟಿ6ಸಿಟಿ’ ಎಂಬ ಸಣ್ಣ ಸಲಕರಣೆಗಳಿಂದ ಬಣ್ಣ, ಫಾಂಟ್, ಐಕಾನ್ ಆರಿಸಬೇಕು, ಅವನ್ನು ಬಳಸುವಂತೆ ಒಂದು ಪರಿಸರ ಚರವನ್ನು (ಎನ್ವಿರಾನ್ಮೆಂಟ್ ವೇರಿಯಬಲ್) ಬರೆದಿಡಬೇಕು. ಕ್ವಾಂಟಮ್ ಎಂಬ ಶೈಲಿಯನ್ನು ಜೊತೆಗಿಟ್ಟುಕೊಂಡರೆ ಜನಪ್ರಿಯ ಜಿಟಿಕೆ ಥೀಮುಗಳ ಕ್ಯೂಟಿ ಪ್ರತಿರೂಪಗಳು ಸಿಗುತ್ತವೆ. ಒಂದೋ ಎರಡೋ ಕೆಡಿಇ ತಂತ್ರಾಂಶ ಬಳಸುವವರು ಇಷ್ಟೆಲ್ಲ ಕಷ್ಟಪಡಬೇಕಾಗಿಲ್ಲ.

ಮೌಸಿನ ಬಾಣ ಒಂದು ಕಿಟಕಿಯ ಮೇಲೆ ದೊಡ್ಡದು, ಇನ್ನೊಂದರ ಮೇಲೆ ಚಿಕ್ಕದು. ಹೀಗೂ ಉಂಟೇ?

ಉಂಟು. ಬಾಣದ ಆಯ್ಕೆ ಎರಡು ಕಡೆ ದಾಖಲಾಗುತ್ತದೆ; ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಓದುವ ತಂತ್ರಾಂಶಗಳು ಒಂದನ್ನೂ, ಅದನ್ನು ಓದದವು ‘ಡೀಫಾಲ್ಟ್’ ಎಂಬ ಹೆಸರಿನ ಬಾಣವನ್ನೂ ಹಿಡಿಯುತ್ತವೆ. ‘.ಐಕಾನ್ಸ್’ ಒಳಗೆ ‘ಡೀಫಾಲ್ಟ್’ ಎಂಬ ಫೋಲ್ಡರ್ ಮಾಡಿ, ಅದರ ‘ಇಂಡೆಕ್ಸ್.ಥೀಮ್’ ಕಡತದ ‘ಇನ್‌ಹೆರಿಟ್ಸ್’ ಸಾಲಿನಲ್ಲಿ ನಿಮ್ಮ ಬಾಣದ ಥೀಮಿನ ಹೆಸರು ಬರೆದು, ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಸಾಮಾನ್ಯವಾಗಿ ಬಾಣ ಎಲ್ಲೆಡೆ ಒಂದೇ ಆಗುತ್ತದೆ.

## ಒಳಕ್ಕೆ ಕೈ ಹಾಕುವವರಿಗೆ

ಥೀಮ್ ಎಂದರೆ ಬರೀ ಬಣ್ಣ ತಾನೇ? ಅದರಿಂದ ಅಪಾಯವೇನು?

ಥೀಮ್ ಯಾವ ಬಗೆಯದು ಎಂಬುದರ ಮೇಲೆ ಉತ್ತರ ನಿಂತಿದೆ. ಜಿಟಿಕೆ ಥೀಮಿನಲ್ಲಿ ಇರುವುದು ಶೈಲಿಯ ಸಾಲುಗಳು ಮತ್ತು ಚಿತ್ರಗಳು, ಅಷ್ಟೇ. ಕೆಡಿಇಯ ಗ್ಲೋಬಲ್ ಥೀಮ್ ಹಾಗಲ್ಲ. ಅದರೊಳಗೆ ವಿಜೆಟ್ಟುಗಳೂ ವಿನ್ಯಾಸದ ಸ್ಕ್ರಿಪ್ಟುಗಳೂ ಇರಬಹುದು, ಅವು ನಿಮ್ಮ ಕಂಪ್ಯೂಟರಿನಲ್ಲಿ ಕಾರ್ಯಕ್ರಮಗಳಾಗಿಯೇ ಓಡುತ್ತವೆ. 2024ರ ಮಾರ್ಚಿನಲ್ಲಿ ಕೆಡಿಇಯ ಥೀಮ್ ಮಳಿಗೆಯಿಂದ ಗ್ಲೋಬಲ್ ಥೀಮೊಂದನ್ನು ಹಾಕಿಕೊಂಡ ಬಳಕೆದಾರರೊಬ್ಬರ ವೈಯಕ್ತಿಕ ಕಡತಗಳೆಲ್ಲ ಅಳಿಸಿಹೋದವು. ಹೊರಗಿನವರು ಹಾಕಿದ ಇಂಥ ಥೀಮುಗಳನ್ನು ಎಚ್ಚರಿಕೆಯಿಂದ ಬಳಸಬೇಕೆಂದು ಕೆಡಿಇ ತಂಡದವರೇ ಅನಂತರ ಬರೆದರು. ಬಣ್ಣಗಳು, ಐಕಾನು, ವಾಲ್‌ಪೇಪರುಗಳನ್ನು ಬಿಡಿಯಾಗಿ ತೆಗೆದುಕೊಳ್ಳುವುದರಲ್ಲಿ ಈ ಅಪಾಯ ಬಹಳ ಕಡಿಮೆ.

ಇನ್ನೊಂದು ಎಚ್ಚರ ಎಲ್ಲ ಪರಿಸರಗಳಿಗೂ ಸಲ್ಲುತ್ತದೆ: ಥೀಮಿನ ಜೊತೆ ಬಂದ ಅನುಸ್ಥಾಪನೆಯ ಸ್ಕ್ರಿಪ್ಟ್ ನಿರ್ವಾಹಕರ ಗುಪ್ತಪದ ಕೇಳಿದರೆ, ಕೊಡುವ ಮೊದಲು ಅದನ್ನು ತೆರೆದು ಓದಿ. ಹೋಮ್ ಫೋಲ್ಡರಿಗೆ ನಕಲಿಸುವ ಕೆಲಸಕ್ಕೆ ಆ ಗುಪ್ತಪದ ಬೇಕಾಗುವುದಿಲ್ಲ.

ನಿರ್ವಾಹಕನಾಗಿ ತೆರೆದ ಕಿಟಕಿ ಮಾತ್ರ ವಿಕಾರವಾಗಿ ಕಾಣುತ್ತದೆ, ಏಕೆ?

ರೂಟ್ ಎಂಬ ನಿರ್ವಾಹಕ ಬಳಕೆದಾರನಿಗೆ ನಿಮ್ಮ ಹೋಮ್ ಫೋಲ್ಡರ್ ಮನೆಯಲ್ಲ. ಅವನು ಥೀಮನ್ನು ತನ್ನ ಮನೆಯಲ್ಲಿ ಹುಡುಕಿ ಬರಿಗೈಯಲ್ಲಿ ಮರಳುತ್ತಾನೆ. ಥೀಮನ್ನು ಎಲ್ಲರಿಗೂ ಸೇರಿದ ‘ಯುಎಸ್‌ಆರ್’, ಅದರೊಳಗಿನ ‘ಶೇರ್’, ಅದರೊಳಗಿನ ‘ಥೀಮ್ಸ್’ನಲ್ಲಿ ಇಟ್ಟರೆ ಅವನಿಗೂ ಸಿಗುತ್ತದೆ.

ಥೀಮ್ ಪೂರ್ತಿ ಇಷ್ಟ, ಆದರೆ ಕಿಟಕಿಯ ತಲೆಪಟ್ಟಿ ತೀರಾ ದಪ್ಪ. ಅದೊಂದನ್ನೇ ತಿದ್ದಬಹುದೇ?

ತಿದ್ದಬಹುದು, ಥೀಮಿನ ಕಡತವನ್ನು ಮುಟ್ಟದೆಯೇ. ಹೋಮ್ ಫೋಲ್ಡರಿನ ‘.ಕಾನ್ಫಿಗ್’ ಒಳಗಿನ ‘ಜಿಟಿಕೆ-3.0’ ಫೋಲ್ಡರಿನಲ್ಲಿ ‘ಜಿಟಿಕೆ.ಸಿಎಸ್‌ಎಸ್’ ಎಂಬ ಕಡತವಿದ್ದರೆ ಅದರಲ್ಲಿ ಬರೆದದ್ದು ಥೀಮಿನ ಮಾತನ್ನು ಮೀರಿ ನಡೆಯುತ್ತದೆ. ಇಲ್ಲಿನ ಭಾಷೆ ಜಾಲತಾಣಗಳಿಗೆ ಬಳಸುವ ಸಿಎಸ್‌ಎಸ್‌ನ ಸೋದರ. ಗ್ನೋಮಿನ ತಂತ್ರಾಂಶಗಳ ತಲೆಪಟ್ಟಿಗೆ ಹೆಡರ್‌ಬಾರ್ ಎಂದು ಹೆಸರು. ಜಿಟಿಕೆ 3ರ ಅದ್ವೈತದಲ್ಲಿ ಅದರ ಕನಿಷ್ಠ ಎತ್ತರ 46 ಪಿಕ್ಸೆಲ್. ಹೆಡರ್‌ಬಾರ್ ಎಂದು ಬರೆದು, ಪುಷ್ಪಾವರಣದೊಳಗೆ ಮಿನ್-ಹೈಟ್ 34 ಪಿಕ್ಸೆಲ್ ಎಂದು ಬರೆದು ಉಳಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಿರಿ. ಪಟ್ಟಿ ಅಷ್ಟಕ್ಕೂ ಇಳಿಯದಿದ್ದರೆ ಅದರೊಳಗಿನ ಗುಂಡಿಗಳು ತಡೆದಿರುತ್ತವೆ. ಅವುಗಳ ಮೇಲೆ ಕೆಳಗಿನ ಅಂತರವನ್ನೂ ಇಳಿಸಬೇಕು.

ಯಾವ ಭಾಗಕ್ಕೆ ಏನು ಹೆಸರು ಎಂದು ತಿಳಿಯಲು ಜಿಟಿಕೆಯಲ್ಲೇ ಇನ್‌ಸ್ಪೆಕ್ಟರ್ ಎಂಬ ಸಲಕರಣೆ ಅಡಗಿದೆ. ಟರ್ಮಿನಲ್ಲಿನಲ್ಲಿ ‘ಜಿಸೆಟ್ಟಿಂಗ್ಸ್’ ಎಂಬ ಆದೇಶದಿಂದ ಅದರ ಕೀಲಿಯನ್ನು ಒಮ್ಮೆ ಸಕ್ರಿಯಗೊಳಿಸಿದರೆ, ಕಂಟ್ರೋಲ್, ಶಿಫ್ಟ್ ಮತ್ತು ಡಿ ಒತ್ತಿದಾಗ ತೆರೆಯುತ್ತದೆ. ಕಿಟಕಿಯ ಯಾವ ಭಾಗದ ಮೇಲೆ ಕ್ಲಿಕ್ಕಿಸಿದರೂ ಅದರ ಹೆಸರು ಹೇಳುತ್ತದೆ, ನೀವು ಬರೆದ ಶೈಲಿಯನ್ನು ಅಲ್ಲಿಂದಲ್ಲೇ ತೋರಿಸುತ್ತದೆ. ‘ಜಿಟಿಕೆ-4.0’ ಫೋಲ್ಡರಿನಲ್ಲಿ ಇದೇ ಹೆಸರಿನ ಕಡತವಿಟ್ಟರೆ ಲಿಬ್‌ಅದ್ವೈತದ ತಂತ್ರಾಂಶಗಳೂ ಅದನ್ನು ಓದುತ್ತವೆ. ಮೊಂಡು ತಂತ್ರಾಂಶಗಳಿಗೆ ಥೀಮ್ ಹಾಕಿದೆವು ಎನ್ನುವವರು ಮಾಡುವುದೂ ಇದನ್ನೇ. ಆದರೆ ಮುಂದಿನ ಆವೃತ್ತಿಯಲ್ಲೂ ಅದು ಹಾಗೆಯೇ ಕೂರುತ್ತದೆ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ಸಿಸ್ಟಮ್ ಅಪ್‌ಗ್ರೇಡ್ ಆದ ಮರುದಿನ ಥೀಮ್ ಕೆಟ್ಟು ಕೂತಿದೆ. ಪ್ರತಿ ಸಲವೂ ಹೀಗೇ ಏಕೆ?

ಜಿಟಿಕೆ 3ರ ಕಾಲದಲ್ಲಿ ಥೀಮುಗಳು ನೆಚ್ಚಿದ್ದ ಒಳಹೆಸರುಗಳು ಸ್ಥಿರವಾಗಿರಲಿಲ್ಲ. 2016ರಲ್ಲಿ ಬಂದ 3.20ರಲ್ಲಿ ಹೆಸರಿಡುವ ಪದ್ಧತಿಯನ್ನೇ ಬದಲಿಸಿದಾಗ ಅಂದಿನ ಥೀಮುಗಳು ಸಾರಾಸಗಟಾಗಿ ಒಡೆದವು, ತಿದ್ದುವವರು ಇಲ್ಲದವು ಅಲ್ಲಿಗೇ ನಿಂತವು. ಆಮೇಲೆ ಜಿಟಿಕೆ 3 ಸ್ಥಿಮಿತಕ್ಕೆ ಬಂತು. ಈಗ ಒಡೆಯುವುದು ಹೆಚ್ಚಾಗಿ ಗ್ನೋಮಿನ ಪ್ಯಾನೆಲ್ ಥೀಮುಗಳು, ಏಕೆಂದರೆ ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಹೀಗಾಗಿ ಥೀಮಿನ ಅಂದಕ್ಕಿಂತ ಮೊದಲು ಅದನ್ನು ಕೊನೆಯ ಬಾರಿ ತಿದ್ದಿದ ದಿನಾಂಕವನ್ನು ನೋಡುವುದು ಒಳ್ಳೆಯದು. ಎರಡು ವರ್ಷದಿಂದ ಯಾರೂ ಕೈಯಿಡದ ಗ್ನೋಮ್ ಪ್ಯಾನೆಲ್ ಥೀಮನ್ನು ನಾನು ಮುಟ್ಟುವುದಿಲ್ಲ.

ಲಾಗಿನ್ ಪರದೆ, ಗ್ರಬ್ ಮೆನು ಇವುಗಳ ರೂಪವನ್ನೂ ಬದಲಿಸಬಹುದೇ?

ಬದಲಿಸಬಹುದು, ಆದರೆ ಇಲ್ಲಿ ತಪ್ಪಿದರೆ ಒಳಗೆ ಬರುವ ಬಾಗಿಲೇ ಮುಚ್ಚಿಕೊಳ್ಳಬಹುದು. ಮಿಂಟ್‌ನಲ್ಲಿ ಲಾಗಿನ್ ವಿಂಡೋ ಎಂಬ ಸೆಟ್ಟಿಂಗ್ಸ್ ಇದೆ, ಕೆಡಿಇಯಲ್ಲಿ ಲಾಗಿನ್ ಪರದೆ ತೋರಿಸುವ ಎಸ್‌ಡಿಡಿಎಮ್‌ಗೆ ಸೆಟ್ಟಿಂಗ್ಸ್ ಪುಟವೇ ಇದೆ, ಇವೆರಡೂ ಸುರಕ್ಷಿತ. ಗ್ನೋಮಿನಲ್ಲಿ ಅದೇ ಕೆಲಸ ಮಾಡುವ ಜಿಡಿಎಮ್ ತನ್ನ ರೂಪವನ್ನು ಒಂದು ಕಟ್ಟಿದ ಗಂಟಿನೊಳಗೆ ಇಟ್ಟುಕೊಂಡಿದೆ, ಅದನ್ನು ಬಿಚ್ಚಿ ಕಟ್ಟುವ ಸಾಹಸ ಬೇಡ. ಲಾಗಿನ್ ಪರದೆಯ ಹಿನ್ನೆಲೆಗೆಂದು ಆರಿಸಿದ ಚಿತ್ರ ಕಾಣದಿದ್ದರೆ ಅದು ನಿಮ್ಮ ಹೋಮ್ ಫೋಲ್ಡರಿನಲ್ಲಿ ಇದೆಯೇ ನೋಡಿ. ಲಾಗಿನ್ ಪರದೆ ಬೇರೊಬ್ಬ ಬಳಕೆದಾರನಾಗಿ ಓಡುತ್ತದೆ, ಉಬುಂಟು 21.04ರಿಂದ ಈಚೆಗೆ ಹೊಸ ಹೋಮ್ ಫೋಲ್ಡರುಗಳು ಹೊರಗಿನವರಿಗೆ ಮುಚ್ಚಿರುತ್ತವೆ. ಚಿತ್ರವನ್ನು ಎಲ್ಲರಿಗೂ ಸೇರಿದ ಬ್ಯಾಕ್‌ಗ್ರೌಂಡ್ಸ್ ಫೋಲ್ಡರಿಗೆ ಸಾಗಿಸಿ. ಕಂಪ್ಯೂಟರ್ ಶುರುವಾಗುವಾಗ ಯಾವ ವ್ಯವಸ್ಥೆಯನ್ನು ತೆರೆಯಬೇಕೆಂದು ಕೇಳುವ ಗ್ರಬ್ಬಿನ ಮೆನು ಕಾಣುವುದು ನಾಲ್ಕೈದು ಕ್ಷಣ; ಅದಕ್ಕೆ ಅಲಂಕಾರ ಬೇಕೆ ಎಂಬುದು ಅವರವರ ಚಿತ್ತ.

ಏನೇನೋ ಮಾಡಿ ಪರದೆ ಪೂರ್ತಿ ಹಾಳಾಗಿದೆ, ಮೆನುವೂ ತೆರೆಯುತ್ತಿಲ್ಲ. ಮತ್ತೆ ಮೊದಲಿನಂತೆ ಮಾಡುವುದು ಹೇಗೆ?

ಲಿನಕ್ಸನ್ನು ಮತ್ತೆ ಹೊಸದಾಗಿ ಹಾಕಬೇಡಿ. ಥೀಮಿನ ಆಯ್ಕೆಗಳು ನಿಮ್ಮ ಹೋಮ್ ಫೋಲ್ಡರಿನ ಕೆಲವು ದಾಖಲೆಗಳಲ್ಲಿ ಮಾತ್ರ ಇರುತ್ತವೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯ ಕನ್ಸೋಲ್ ಬರುತ್ತದೆ, ಅಲ್ಲಿ ನಿಮ್ಮ ಹೆಸರು ಮತ್ತು ಗುಪ್ತಪದ ಕೊಟ್ಟು ಒಳಬನ್ನಿ. ಎಕ್ಸ್‌ಎಫ್‌ಸಿಇ ಆದರೆ, ಮೊದಲು ಡೆಸ್ಕ್‌ಟಾಪಿನಿಂದ ಲಾಗ್‌ಔಟ್ ಆಗಿರುವುದನ್ನು ಖಚಿತಪಡಿಸಿಕೊಂಡು, ‘.ಕಾನ್ಫಿಗ್’ ಒಳಗಿನ ‘ಎಕ್ಸ್‌ಎಫ್‌ಸಿಇ4’ ಫೋಲ್ಡರಿನ ಹೆಸರು ಬದಲಿಸಿದರೆ ಎಲ್ಲವೂ ಮೂಲಸ್ಥಿತಿಗೆ ಬರುತ್ತದೆ. ಅಳಿಸುವುದಕ್ಕಿಂತ ಹೆಸರು ಬದಲಿಸುವುದು ಮೇಲು, ಏಕೆಂದರೆ ಬೇಕಾದುದನ್ನು ಅದರಿಂದ ಮತ್ತೆ ಹೆಕ್ಕಿಕೊಳ್ಳಬಹುದು. ಗ್ನೋಮ್ ಮತ್ತು ಸಿನಮನ್ ತಮ್ಮ ಆಯ್ಕೆಗಳನ್ನು ಡಿಕಾನ್ಫ್ ಎಂಬ ಭಂಡಾರದಲ್ಲಿ ಇಡುತ್ತವೆ. ಅದರ ರೀಸೆಟ್ ಆದೇಶಕ್ಕೆ ಇಡೀ ಶಾಖೆಯನ್ನು ಕೊಟ್ಟರೆ ಪ್ಯಾನೆಲ್, ಕೀಲಿ ಜೋಡಣೆಗಳೂ ಅಳಿಯುತ್ತವೆ. ಥೀಮಿಗೆ ಸೇರಿದ ಇಂಟರ್‌ಫೇಸ್ ಎಂಬ ಶಾಖೆಯನ್ನು ಮೊದಲು ಕೊಟ್ಟು ನೋಡಿ. ನೀವೇ ಬರೆದ ‘ಜಿಟಿಕೆ.ಸಿಎಸ್‌ಎಸ್’ ಕಡತವಿದ್ದರೆ ಅದನ್ನೂ ಪಕ್ಕಕ್ಕೆ ಸರಿಸಿ, ಇದನ್ನು ಮರೆಯುವವರೇ ಹೆಚ್ಚು.

ಮುಂದಿನ ಸಲ ಕೈ ಹಾಕುವ ಮೊದಲು ಡಿಕಾನ್ಫಿನ ಡಂಪ್ ಎಂಬ ಆದೇಶದಿಂದ ಎಲ್ಲ ಆಯ್ಕೆಗಳನ್ನು ಒಂದು ಪಠ್ಯ ಕಡತಕ್ಕೆ ಇಳಿಸಿಟ್ಟುಕೊಳ್ಳಿ. ನನ್ನ ಬಳಿ ಅಂಥ ಹನ್ನೊಂದು ಕಡತಗಳಿವೆ, ಪ್ರತಿಯೊಂದರ ಹೆಸರಿನಲ್ಲೂ ತಾರೀಖು ಇದೆ. ಅವುಗಳಲ್ಲಿ ಮೂರನ್ನು ನಿಜವಾಗಿಯೂ ಮರಳಿ ಬಳಸಬೇಕಾಗಿ ಬಂತು.